ಮೂರನೇ ಸಂಕಲನದ ಕೆಮ್ಮು

"ಇವನಿಗೆ ಕಿವಿ ಕೊಟ್ಟಿರೋದು ಕೇಳೋಕಲ್ಲ ಸ್ವಾಮಿ, ಕನ್ನಡಕ ಸಿಕ್ಕಿಸ್ಕೊಳ್ಳೋಕೆ," ಎಂದು ಹಾಡುಗಾರರು ಹೇಳಿದಾಗ ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ಮ್ಯಾನೇಜರು ಎಲ್ಲರಿಗಿಂತ ಮೊದಲು ನಕ್ಕರು, ಏಕೆಂದರೆ ಅವರಿಗೆ ಸಂಬಳ ಬರುತ್ತಿದ್ದುದರಲ್ಲಿ ಅರ್ಧ ಅದಕ್ಕೇ. ವಿಮರ್ಶಕಿ ಪೆನ್ನಿನ ಮುಚ್ಚಳವನ್ನು ತುಟಿಗೆ ಒತ್ತಿ ಹಿಡಿದು, ನಗುವುದು ತಮ್ಮ ಘನತೆಗೆ ತಕ್ಕದ್ದೋ ಅಲ್ಲವೋ ಎಂದು ಒಂದು ಕ್ಷಣ ಯೋಚಿಸಿ, ಆಮೇಲೆ ನಕ್ಕರು. ಹಾಡಿನ ಅಂಗಡಿಯವರು ಹೊಟ್ಟೆ ಕುಲುಕಿಸಿ ನಕ್ಕು ಮುಗಿಸಿದ ಮೇಲೆ ಪಕ್ಕದವರ ಕಡೆ ಬಾಗಿ, "ಏನಂದ್ರು?" ಎಂದು ಕೇಳಿದರು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಫ್ಲಾಸ್ಕು ಹಿಡಿದು ಕೂತಿದ್ದ ಹಾಡುಗಾರರ ಸೊಸೆ ಮಾತ್ರ ನಗಲಿಲ್ಲ. ಆಕೆ ಮಾವನ ಗಂಟಲನ್ನು ನೋಡುತ್ತಿದ್ದಳು, ಹಾಲು ಉಕ್ಕುವುದನ್ನು ಕಾಯುವವರು ಪಾತ್ರೆಯನ್ನು ನೋಡುವ ಹಾಗೆ.

ಕೋಣೆಯ ಮೂಲೆಯಲ್ಲಿ, ಯಂತ್ರದ ಹಿಂದೆ ನಿಂತಿದ್ದ ಟೇಪಿನವನ ಕೈ ತನ್ನಷ್ಟಕ್ಕೇ ಕನ್ನಡಕಕ್ಕೆ ಹೋಯಿತು. ಹೋದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವನು ಕಿವಿಯನ್ನೇ ಒಮ್ಮೆ ತುರಿಸಿಕೊಂಡ. ಅದನ್ನು ನೋಡಿ ಅಂಗಡಿಯವರು ಇನ್ನೊಂದು ಸುತ್ತು ನಕ್ಕರು. ಅವನು ಮಾಡಿದ ತಪ್ಪು ಇಷ್ಟೇ. ಎರಡನೇ ಸಂಕಲನ ಮುಗಿದ ಮೇಲೆ ಮ್ಯಾನೇಜರು, "ಮೊದಲನೇದಕ್ಕೂ ಇದಕ್ಕೂ ಯಾರಿಗಾದ್ರೂ ವ್ಯತ್ಯಾಸ ಗೊತ್ತಾಯ್ತಾ?" ಎಂದು ಯಾರನ್ನೂ ನೋಡದೆ ಕೇಳಿದ್ದರು. ಆಗ ಮೂಲೆಯಿಂದ, "ಅವೆರಡೂ ಒಂದೇ ಸರ್. ಮೂರನೇದು ಬೇರೆ. ಮೂರನೇದು ಚೆನ್ನಾಗಿದೆ," ಎಂಬ ತನ್ನದೇ ದನಿ ಕೇಳಿ, ಮಾತಾಡಿದವರು ಯಾರೆಂದು ಅವನೂ ಅವರ ಜೊತೆಗೇ ತಿರುಗಿ ನೋಡುವಷ್ಟು ಬೆಚ್ಚಿಬಿದ್ದಿದ್ದ.

ಹಾಡುಗಾರರು ಹಾಡಲು ಶುರು ಮಾಡಿ ಐವತ್ತು ವರ್ಷವಾಗಿತ್ತು. ಊರೂರು ತಿರುಗಿ ಕೂಲಿಯವರ, ದೋಣಿಯವರ, ಬೀಸುವ ಕಲ್ಲಿನ ಹೆಂಗಸರ ಪದಗಳನ್ನು ಕಿವಿಯಲ್ಲಿ ತುಂಬಿಕೊಂಡು ಬಂದು, ಅವುಗಳ ಕೊರಳಿಗೆ ಗಿಟಾರು ಕಟ್ಟಿ, ಹಿಂದೆ ಡ್ರಮ್ಮು ಬಡಿಸಿ, ತಾವೇ ಬರೆದ ಸಾಲುಗಳನ್ನು ಒರಟು ದನಿಯಲ್ಲಿ ಹಾಡಿ ಹೆಸರಾದವರು. ಐವತ್ತು ವರ್ಷದಲ್ಲಿ ಅವರ ಹೆಸರಾದ ಹಾಡುಗಳು ಹನ್ನೆರಡು. ಆ ಹನ್ನೆರಡರಿಂದ ಕಂಪನಿ ಆರು ಸಂಕಲನ ಮಾಡಿತ್ತು. 'ಅತ್ಯುತ್ತಮ ಹಾಡುಗಳು' ಎಂದು ಒಂದು. 'ಮತ್ತಷ್ಟು ಅತ್ಯುತ್ತಮ ಹಾಡುಗಳು' ಎಂದು ಇನ್ನೊಂದು, ಅದರಲ್ಲಿಯೂ ಅವೇ ಹನ್ನೆರಡು. ಮೂರನೆಯದು 'ನಿಜವಾದ ಅತ್ಯುತ್ತಮ', ನಾಲ್ಕನೆಯದು 'ಸಮಗ್ರ ಅತ್ಯುತ್ತಮ', ಐದನೆಯದು 'ಅಂತಿಮ', ಆರನೆಯದು 'ಅಂತಿಮದ ನಂತರ'. ಈಗ ಐವತ್ತರ ಸಂಭ್ರಮಕ್ಕೆ ಇವುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು ಉಳಿದ ಐದನ್ನು ಅಂಗಡಿಗಳಿಂದ ವಾಪಸ್ಸು ತರಿಸಿ ಪುಡಿ ಮಾಡಿಸುವುದೆಂದು ತೀರ್ಮಾನವಾಗಿತ್ತು. ಗೆದ್ದ ಸಂಕಲನವನ್ನು ಜೋಡಿಸಿದವರ ಹೆಸರು ಹೊದಿಕೆಯ ಮೇಲೆ ಹಾಡುಗಾರರ ಹೆಸರಿನ ಕೆಳಗೇ ಅಚ್ಚಾಗುತ್ತದೆ. ತೀರ್ಪುಗಾರರು ನಾಲ್ವರು. ನಾಲ್ಕನೆಯವರು ಹಾಡುಗಾರರೇ. ಯಾರೂ ಇದನ್ನು ವಿಚಿತ್ರವೆಂದು ಭಾವಿಸಲಿಲ್ಲ. ಮೊದಲ ದಿನವೇ ಅವರು ತಮ್ಮ ಮೊದಲ ಹಾಡಿಗೆ ಕಣ್ಣು ಮುಚ್ಚಿ ತಲೆದೂಗಿ, ಕೊನೆಗೆ, "ಈ ಮನುಷ್ಯ ಯಾಕೆ ಇಷ್ಟು ಗೋಳಾಡ್ತಾನೆ?" ಎಂದು ನೂರಕ್ಕೆ ಮೂವತ್ತೊಂದು ಕೊಟ್ಟಿದ್ದರು.

ಅಂಕದ ಹಾಳೆ ವಿಮರ್ಶಕಿಯದು. ಹಾಡುಗಳ ಕ್ರಮಕ್ಕೆ ಇಪ್ಪತ್ತು. ಹಾಡು ಹಾಡಿನ ನಡುವಿನ ಮೌನಕ್ಕೆ ಹದಿನೈದು. ಹೊದಿಕೆಗೆ ಹತ್ತು, ಹೊದಿಕೆಯ ಮೇಲಿನ ಗಡ್ಡಕ್ಕೆ ಬೇರೆ ಐದು. ಕಾಲದ ದನಿಗೆ ಇಪ್ಪತ್ತೈದು. ಉಳಿದ ಇಪ್ಪತ್ತೈದು ಕೆಮ್ಮಿಗೆ. ಮೊದಲ ಎರಡು ಸಂಕಲನಗಳಲ್ಲಿ ಕೆಮ್ಮೇ ಇಲ್ಲವಲ್ಲ, ಸೊನ್ನೆ ಹಾಕಬೇಕೋ ಎಂದು ಅಂಗಡಿಯವರು ಕೇಳಿದ್ದಕ್ಕೆ ಆಕೆ, "ಹಾಗಲ್ಲ, ಅಲ್ಲಿ ಕೆಮ್ಮಿನ ನಿರೀಕ್ಷೆ ಇದೆ. ಎರಡೆರಡು ಕೊಡಿ," ಎಂದಿದ್ದರು. ಅಂಗಡಿಯವರು ತಲೆಯಾಡಿಸಿ ಎರಡೆರಡು ಕೊಟ್ಟರು. ಅವರು ಸಿ.ಡಿ.ಯ ಡಬ್ಬಿಯನ್ನು ಅಂಗೈಯಲ್ಲಿ ತೂಗಿ ನೋಡಿ ಅಂಕ ಹಾಕುತ್ತಿದ್ದರು. ನಲವತ್ತು ವರ್ಷ ಅಂಗಡಿ ನಡೆಸಿದವರು, ಕೈಗೇ ಗೊತ್ತಾಗುತ್ತದೆ ಎನ್ನುತ್ತಿದ್ದರು.

ಅಂಕ ಎಂಬ ಪದ ಕಿವಿಗೆ ಬಿದ್ದಾಗಲೆಲ್ಲ ಟೇಪಿನವನ ಅಂಗೈ ಬೆವರುತ್ತಿತ್ತು. ಎಂಟನೇ ತರಗತಿಯಲ್ಲಿ ಅವನ ಉತ್ತರಪತ್ರಿಕೆಯನ್ನು ಮೇಷ್ಟ್ರು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ ಎತ್ತಿ ಹಿಡಿದು, "ಇದನ್ನ ಬರೆದ ಮಹಾನುಭಾವ ಯಾರಪ್ಪ?" ಎಂದು ಕೇಳಿದ್ದರು. ಅವನು ಎದ್ದು ನಿಂತ. ನಿಂತವನು ಬಾಗಿಲ ಕಡೆ ನಡೆದ. ಅಲ್ಲಿಗೆ ವಿದ್ಯೆ ಮುಗಿಯಿತು. ಅಕ್ಕ ಬೈಯಲಿಲ್ಲ, ಹೊಲಿಗೆ ಯಂತ್ರವನ್ನು ಒಂದು ಗಳಿಗೆ ನಿಲ್ಲಿಸಿ, "ಹಾಗಾದ್ರೆ ಇವತ್ತಿಂದ ನಿನಗೆ ಏನು ಬರುತ್ತೆ ಅಂತ ನೋಡೋಣ," ಎಂದಿದ್ದಳು. ಅವನಿಗೆ ಬರುತ್ತಿದ್ದುದು ಒಂದೇ. ಒಂದು ಸದ್ದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಗಬೇಕು ಎಂಬುದು ಅವನಿಗೆ ಗೊತ್ತಾಗುತ್ತಿತ್ತು. ಹದಿನೆಂಟಕ್ಕೆ ಈ ಕಂಪನಿಗೆ ಬಂದು ಟೇಪು ಸುತ್ತಿದ, ಟೇಪು ಒರೆಸಿದ, ಹರಿದ ಟೇಪಿಗೆ ತೇಪೆ ಹಾಕಿದ. ಹತ್ತೊಂಬತ್ತಕ್ಕೆ ಮೂರನೇ ಸಂಕಲನ ಮಾಡಿದ. ಮಗಳ ಮದುವೆಯೆಂದು ಮ್ಯಾನೇಜರು ಎರಡು ವಾರ ರಜೆ ಹೋಗುವಾಗ, "ಹನ್ನೆರಡು ಹಾಡು ಹೇಗಾದ್ರೂ ಜೋಡಿಸಿ ಕಳಿಸ್ಬಿಡು ಮಾರಾಯ, ಯಾರು ಕೇಳ್ತಾರೆ," ಎಂದು ಹೇಳಿ ಹೋಗಿದ್ದರು. ಅವನು ಹೇಗಾದರೂ ಜೋಡಿಸಲಿಲ್ಲ. ದೋಣಿಯವನ ಹಾಡು ಮುಗಿದ ಮೇಲೆ ಮೂರೂವರೆ ಸೆಕೆಂಡು ಬಿಟ್ಟ, ಏಕೆಂದರೆ ಆ ಹಾಡಿನಲ್ಲಿ ಒಬ್ಬ ಮುಳುಗುತ್ತಾನೆ. ಮುಳುಗಿದವನು ತಳ ಮುಟ್ಟುವ ಮೊದಲೇ ಮುಂದಿನ ಹಾಡು ಶುರು ಮಾಡಲು ಅವನಿಗೆ ಮನಸ್ಸು ಬರಲಿಲ್ಲ. ಸಿ.ಡಿ. ಅಚ್ಚಾಗಿ ಬಂದಾಗ ಹೊದಿಕೆಯ ಹಿಂದೆ 'ಸಂಯೋಜನೆ' ಎಂಬುದರ ಮುಂದೆ ಮ್ಯಾನೇಜರ ಹೆಸರಿತ್ತು. ಅಕ್ಕ ಅದನ್ನು ದೀಪದ ಹತ್ತಿರ ಹಿಡಿದು, ತಿರುಗಿಸಿ, ಒಳಗಿನ ಹಾಳೆ ತೆಗೆದು, "ನಿನ್ನ ಹೆಸರೆಲ್ಲೋ?" ಎಂದಳು. "ಮುಂದಿನ ಮುದ್ರಣದಲ್ಲಿ ಹಾಕ್ತಾರೆ," ಎಂದ. ಅದಕ್ಕೆ ಒಂಬತ್ತು ವರ್ಷವಾಯಿತು, ಹದಿನಾಲ್ಕು ಮುದ್ರಣವಾಯಿತು. ಈವತ್ತು ಬೆಳಿಗ್ಗೆ ಅಕ್ಕ ಅವನ ಅಂಗಿಯ ಕಾಲರಿಗೆ ಎರಡು ಸಲ ಇಸ್ತ್ರಿ ಹಾಕಿದ್ದಳು. ಈ ವಾರ ಗೆದ್ದವರ ಹೆಸರು ಓದಿ ಹೇಳುತ್ತಾರೆಂದು ಅವನೇ ಹೇಳಿದ್ದ. ಯಾಕೆ ಹೇಳಿದೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಿದ್ದ.

"ಏನಪ್ಪಾ, ಮೂರನೇದು ಚೆನ್ನಾಗಿದೆ ಅಂದ್ಯಲ್ಲ, ಹಾಕು ಕೇಳೋಣ," ಎಂದರು ಮ್ಯಾನೇಜರು. ಅವನು ಹಾಕಿದ.

ಒಂದನೇ ಹಾಡು, ಎರಡನೇ ಹಾಡು. ಅವನು ಹಾಡನ್ನು ಕೇಳುತ್ತಿರಲಿಲ್ಲ, ಹಾಡುಗಳ ನಡುವೆ ತಾನು ಬಿಟ್ಟಿದ್ದ ಜಾಗಗಳನ್ನು ಕೇಳುತ್ತಿದ್ದ. ಆ ಜಾಗಗಳಲ್ಲಿ ಅಂಗಡಿಯವರು ಬಿಸ್ಕತ್ತು ಕಡಿಯುತ್ತಿದ್ದರು. ಐದನೆಯದು ಸೇತುವೆಯ ಹಾಡು. ಅದು ಹತ್ತಿರ ಬರುತ್ತಿದ್ದಂತೆ ಎಲ್ಲರೂ ಬೆನ್ನು ನೆಟ್ಟಗೆ ಮಾಡಿದರು. ವಿಮರ್ಶಕಿ ಕರವಸ್ತ್ರ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. 'ಆಚೆ ದಡದಲ್ಲಿ ಯಾರಿದ್ದಾರೆ ಕೇಳು' ಎಂಬ ಸಾಲು ಬಂತು. ಅಲ್ಲಿ ಗಿಟಾರು ಎರಡು ಎಣಿಕೆಯಷ್ಟು ಹೊತ್ತು ನಿಲ್ಲುತ್ತದೆ. ಆ ನಿಲುವಿನಲ್ಲಿ, ಸ್ವಲ್ಪ ಎಡಕ್ಕೆ, ಒದ್ದೆಯಾದ, ಚಿಕ್ಕದಾದ, ಯಾರಿಗೋ ಹೆದರಿ ಅರ್ಧಕ್ಕೆ ನುಂಗಿದಂಥ ಒಂದು ಕೆಮ್ಮು. ಮತ್ತೆ ಗಿಟಾರು ಬಂತು. ವಿಮರ್ಶಕಿ ಕಣ್ಣೊರೆಸಿಕೊಂಡರು.

ಯಾರಿಗೋ ಹೆದರಿದ್ದೇನು, ಟೇಪಿನವನು ಹೆದರಿದ್ದು ರಜೆಯಲ್ಲಿದ್ದ ಮ್ಯಾನೇಜರಿಗೇ. ಮೂರನೇ ಸಂಕಲನ ಜೋಡಿಸುತ್ತಿದ್ದ ವಾರ ಅವನಿಗೆ ನೆಗಡಿ. ಸೇತುವೆಯ ಹಾಡಿನ ಮೂಲ ಟೇಪು ಹಳತಾಗಿ ಅಂಟಂಟಾಗಿತ್ತು. ಅಂಥ ಟೇಪನ್ನು ಪೆಟ್ಟಿಗೆಯಲ್ಲಿಟ್ಟು ಎಂಟು ಗಂಟೆ ಹದವಾದ ಕಾವು ಕೊಟ್ಟರೆ, ಸಾಯುವ ಮುಂಚೆ ಎದ್ದು ಕೂರುವ ಮುದುಕರ ಹಾಗೆ, ಒಂದು ಸಲ ಚೆನ್ನಾಗಿ ಹಾಡುತ್ತದೆ, ಆಮೇಲೆ ಉದುರಿಹೋಗುತ್ತದೆ. ಆ ಒಂದು ಸಲದಲ್ಲೇ ಅದನ್ನು ಹೊಸ ಟೇಪಿಗೆ ಇಳಿಸಿಕೊಳ್ಳಬೇಕು. ಅವನು ಇಳಿಸಿಕೊಂಡ. ಗಾಜಿನ ಆಚೆ ಕೂತವರ ಜೊತೆ ಮಾತಾಡಲು ಮೇಜಿನ ಮೇಲೆ ಒಂದು ಚಿಕ್ಕ ಮೈಕು ಇರುತ್ತದೆ. ಅದರ ಗುಂಡಿ ಒತ್ತಿದ್ದು ಮೇಲೆ ಬರದೆ, ಮೈಕಿನ ಸದ್ದೂ ಹೊಸ ಟೇಪಿಗೆ ಇಳಿಯುತ್ತಿತ್ತು. ಅದನ್ನು ಅವನು ನೋಡಲಿಲ್ಲ. ಹಾಡು ಎರಡು ಎಣಿಕೆ ನಿಂತಾಗ, ಈಗ ಸದ್ದಿಲ್ಲ ಎಂದು ಅವನ ಗಂಟಲು ತನ್ನಷ್ಟಕ್ಕೆ ತಾನೇ ಸಡಿಲಾಯಿತು. ತಿರುಗಿ ಹಾಕಿ ಕೇಳುವ ಹೊತ್ತಿಗೆ ಮೂಲ ಟೇಪು ಕಂದು ಪುಡಿಯಾಗಿ ಚಕ್ರದ ಕೆಳಗೆ ಬಿದ್ದಿತ್ತು. ಅವನು ಪುಡಿಯನ್ನು ಗುಡಿಸಿ ಕಾಗದದಲ್ಲಿ ಕಟ್ಟಿ ಜೇಬಿನಲ್ಲಿ ಹಾಕಿಕೊಂಡು ಮನೆಗೆ ಹೋದ. ಯಾರು ಕೇಳುತ್ತಾರೆ ಎಂದು ಮ್ಯಾನೇಜರೇ ಹೇಳಿದ್ದರಲ್ಲ.

ಎಲ್ಲರೂ ಕೇಳಿದರು. ಮೊದಲು ಒಂದು ಪತ್ರಿಕೆಗೆ ಪತ್ರ ಬಂತು: ಹಾಡುಗಾರರು ಆ ಜಾಗದಲ್ಲಿ ಅಳು ನುಂಗಿದ್ದಾರೆ, ಹಳೆಯ ಮುದ್ರಣಗಳಲ್ಲಿ ಕಂಪನಿ ಅದನ್ನು ಅಳಿಸಿಹಾಕಿತ್ತು ಎಂದು. ಆಮೇಲೆ ರೇಡಿಯೋದಲ್ಲಿ ಹಾಡುಗಾರರನ್ನೇ ಕೇಳಿದರು. ಅಕ್ಕ ಗುಂಡಿ ಹೊಲಿಯುತ್ತಿದ್ದಳು, ಅವನು ಉಣ್ಣುತ್ತಿದ್ದ. ಹಾಡುಗಾರರು, "ಆ ದಿನ ಗಂಟಲು ತುಂಬಿ ಬಂದಿತ್ತು. ಅಳು ಬರಬೇಕಾದ ಕಡೆ ಕೆಮ್ಮು ಬಂತು," ಎಂದರು. ಅವನ ಬಾಯಲ್ಲಿದ್ದ ತುತ್ತು ಹಾಗೇ ನಿಂತಿತು. "ಪಾಪ," ಎಂದಳು ಅಕ್ಕ. ವಿಮರ್ಶಕಿ ಆ ಕೆಮ್ಮಿನ ಮೇಲೆ ಇನ್ನೂರು ಪುಟದ ಪುಸ್ತಕ ಬರೆದು ಡಾಕ್ಟರಾದರು. ಹಾಡಿನ ಕಛೇರಿಗಳಲ್ಲಿ ಆ ಸಾಲು ಬಂದೊಡನೆ ಮೂರು ಸಾವಿರ ಜನ ಉಸಿರು ಹಿಡಿಯುತ್ತಿದ್ದರು, ಹಾಡುಗಾರರು ಕೆಮ್ಮುತ್ತಿದ್ದರು, ಮೂರು ಸಾವಿರ ಜನ ತಿರುಗಿ ಕೆಮ್ಮುತ್ತಿದ್ದರು. ಒಂಬತ್ತು ವರ್ಷ ಹೀಗೆ ಕೆಮ್ಮಿ ಕೆಮ್ಮಿ ಅವರಿಗೆ ನಿಜವಾದ ಕೆಮ್ಮೇ ಹತ್ತಿಕೊಂಡಿತು. ಎದೆಯ ಚಿತ್ರ ತೆಗೆಸಿದರು, ಕಷಾಯ ಕುಡಿದರು. ಸೊಸೆಯ ಕೈಗೆ ಫ್ಲಾಸ್ಕು ಬಂತು. ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುವ ಸದ್ದು ಕೇಳಿದಾಗಲೆಲ್ಲ ಟೇಪಿನವನಿಗೆ ತನ್ನ ಕುತ್ತಿಗೆಯನ್ನೇ ಯಾರೋ ತಿರುಗಿಸಿದ ಹಾಗಾಗುತ್ತಿತ್ತು.

ಹನ್ನೆರಡು ಹಾಡು ಮುಗಿದವು. ಉಳಿದ ಮೂರು ಸಂಕಲನ ಕೇಳುವ ಅಗತ್ಯವೇ ಇಲ್ಲ ಎಂದರು ವಿಮರ್ಶಕಿ. ಅವುಗಳಲ್ಲಿರುವುದೂ ಇದೇ ಕೆಮ್ಮು, ಆದರೆ ನಕಲು. ಆರನೆಯದರಲ್ಲಂತೂ ಕೆಮ್ಮನ್ನು ದೊಡ್ಡದು ಮಾಡಿ ಅದಕ್ಕೆ ಪಿಟೀಲು ಸೇರಿಸಿದ್ದಾರೆ, ಅಸಹ್ಯ. ಅಂಗಡಿಯವರು ಮೂರನೆಯ ಡಬ್ಬಿಯನ್ನು ತೂಗಿ, "ಇದೇ ಸರಿ. ಕೈ ತುಂಬುತ್ತೆ," ಎಂದರು. ಹಾಡುಗಾರರು ಅಂಕದ ಹಾಳೆಯನ್ನು ಮಡಿಸುತ್ತ ಕೂತರು. ಮ್ಯಾನೇಜರು ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು. "ಹಾಗಾದ್ರೆ ಮೂರನೇದೇ ಅಂತ ಆಯ್ತು. ಇದನ್ನ ಜೋಡಿಸಿದೋನು ನಾನು ಅನ್ನೋದು ನನಗೆ ಸ್ವಲ್ಪ ಮುಜುಗರ. ಆದ್ರೂ ನೀವೆಲ್ಲಾ ಸೇರಿ ಕೊಟ್ಟಿದ್ದು, ಬೇಡ ಅನ್ನೋಕಾಗಲ್ಲ. ಮಗಳ ಮದುವೆ ಗಲಾಟೆಯಲ್ಲೂ ಒಂದೊಂದು ಸೆಕೆಂಡು ಲೆಕ್ಕ ಹಾಕಿ ಕೂರಿಸಿದೀನಿ ಸ್ವಾಮಿ. ದೋಣಿ ಹಾಡಾದ ಮೇಲೆ ನೋಡಿ, ಮೂರೂವರೆ."

ಮೂರೂವರೆ ಎಂದು ಅವರಿಗೆ ಹೇಳಿದ್ದು ಯಾರು? ಒಮ್ಮೆ ಟೀ ಕುಡಿಯುತ್ತ ಇವನೇ ಹೇಳಿದ್ದ. ಹೇಳುವಾಗ ಅವರು ಬೇರೆ ಕಡೆ ನೋಡುತ್ತಿದ್ದರು. ಸಿಟ್ಟಿಗೆ ಇವನು ಯಂತ್ರದ ಹಿಂದಿನಿಂದ ಒಂದು ಹೆಜ್ಜೆ ಮುಂದೆ ಬಂದ. ಕ್ರಮ ನನ್ನದು, ಮೌನ ನನ್ನದು ಎಂದು ಹೇಳಬೇಕೆಂದಿದ್ದ. ಹಾಗೆ ಹೇಳಿದ್ದರೆ ಬಹುಶಃ ಯಾರಾದರೂ ಒಬ್ಬರು ತಲೆಯಾಡಿಸುತ್ತಿದ್ದರೇನೋ. ಆದರೆ ಸಿಟ್ಟಿಗೆ ಸಣ್ಣದನ್ನು ಹೇಳಿ ಅಭ್ಯಾಸವಿಲ್ಲ.

"ಆ ಕೆಮ್ಮು ನಂದು," ಎಂದ.

ಮ್ಯಾನೇಜರು, "ಏನಂದೆ?" ಎಂದರು. ಅವನು ನೆಗಡಿಯಿಂದ ಹಿಡಿದು ಗುಂಡಿಯ ತನಕ ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಮೇಷ್ಟ್ರ ಮುಂದೆ ನಿಂತವನ ದನಿಯಾಗುತ್ತ ಹೋಯಿತು. ವಿಮರ್ಶಕಿಗೆ ಆಶ್ಚರ್ಯವೇನೂ ಆಗಲಿಲ್ಲ. ಆಕೆ ಕನಿಕರದಿಂದ ಅವನ ಕಡೆ ತಿರುಗಿದರು.

"ನೋಡಪ್ಪ, ಆ ಕೆಮ್ಮು ತಮ್ಮದು ಅಂತ ಇಲ್ಲೀವರೆಗೆ ನನಗೆ ಹನ್ನೊಂದು ಪತ್ರ ಬಂದಿದೆ. ಒಬ್ಬಾಕೆ, ಅದು ತೀರಿಹೋದ ನಮ್ಮ ಯಜಮಾನ್ರದು, ನನಗೆ ಗೊತ್ತಾಗಲ್ವಾ ಅಂತ ಬರ್ದಿದ್ರು. ದೊಡ್ಡ ಕಲೆ ಅಂದ್ರೆ ಹಾಗೇನೇ. ಎಲ್ಲರಿಗೂ ತಮ್ಮದೇ ಅನ್ಸುತ್ತೆ. ನಿನ್ನದು ಹನ್ನೆರಡನೇದು."

"ಅನ್ಸೋದಲ್ಲ ಮೇಡಂ. ನಾನೇ ಕೆಮ್ಮಿದ್ದು."

"ಅದೇನು, ಕೆಮ್ಮಿ ತೋರಿಸ್ಲಿ ಬಿಡಿ," ಎಂದರು ಅಂಗಡಿಯವರು, ಹೊಸ ಬಿಸ್ಕತ್ತು ತೆಗೆದುಕೊಳ್ಳುತ್ತ. "ಕೆಮ್ಮೋಕೇನು ಲೈಸೆನ್ಸ್ ಬೇಕಾ. ಕೆಮ್ಮು ತಮ್ಮಾ."

ಟೇಪಿನ ಜೊತೆ ಹೋಲಿಸಿ ನೋಡಿ ಎಂದು ಅವನು ಕೇಳಿಕೊಂಡ. ಹೋಲಿಸುವುದು ಯಾಂತ್ರಿಕವಾಗುತ್ತದೆ ಎಂದು ವಿಮರ್ಶಕಿ ಒಪ್ಪಲಿಲ್ಲ. ಅವನನ್ನು ಮೇಜಿನ ತುದಿಗೆ ಕರೆದು ನಿಲ್ಲಿಸಿದರು. ನಾಲ್ಕು ಹಾಳೆ ಹಂಚಿದರು. ಅವನಿಗೆ ಈಗ ನೆಗಡಿಯಿರಲಿಲ್ಲ, ಗಂಟಲು ಒಣಗಿತ್ತು. ಕೆಮ್ಮು ಬರುವುದೆಂದರೆ ಹೇಗೆ ಎಂಬುದೇ ಮರೆತುಹೋದಂತಿತ್ತು. ಹತ್ತೊಂಬತ್ತರ ಆ ಹುಡುಗನನ್ನು, ಅವನ ಎದೆಯ ಕಫವನ್ನು, ಅವನ ಹೆದರಿಕೆಯನ್ನು ಒಳಗೆಲ್ಲ ಹುಡುಕಿದ. ಸಿಕ್ಕಿದ್ದು ಸಿಟ್ಟು ಮಾತ್ರ. ಕೆಮ್ಮಿದ. ಅದು ಬಾಗಿಲ ಹೊರಗೆ ನಿಂತು ಒಳಗೆ ಬರಲೇ ಎಂದು ಕೇಳುವವರ ಕೆಮ್ಮಿನ ಹಾಗೆ ಕೇಳಿಸಿತು.

"ಆಳ ಇಲ್ಲ. ನಾಲ್ಕು," ಎಂದರು ವಿಮರ್ಶಕಿ. "ಎರಡು," ಎಂದರು ಮ್ಯಾನೇಜರು ಬರೆಯುವ ಮೊದಲೇ. "ನಾನು ಒಂಬತ್ತು ಕೊಡ್ತೀನಿ, ಪಾಪ, ಶ್ರಮ ಪಟ್ಟಿದಾನೆ," ಎಂದರು ಅಂಗಡಿಯವರು. ಹಾಡುಗಾರರ ಹಾಳೆ ಖಾಲಿಯಿತ್ತು.

"ನೀವೇ ಒಮ್ಮೆ ತೋರಿಸ್ಬಿಡಿ ಗುರುಗಳೇ, ಇವನಿಗೂ ಗೊತ್ತಾಗ್ಲಿ," ಎಂದರು ಮ್ಯಾನೇಜರು. ಹಾಡುಗಾರರು ಮೇಜು ಹಿಡಿದು ಎದ್ದರು. ಬಲಗೈಯ ಬೆರಳುಗಳು ಇಲ್ಲದ ತಂತಿಗಳ ಮೇಲೆ ಎರಡು ಎಣಿಕೆ ಆಡಿದವು. ಕೆಮ್ಮಿದರು. ಒದ್ದೆಯಾದ, ಚಿಕ್ಕದಾದ, ಅರ್ಧಕ್ಕೆ ನುಂಗಿದ ಕೆಮ್ಮು. ಥೇಟು ಅದೇ. ಟೇಪಿನವನು ಅದನ್ನು ಗುರುತು ಹಿಡಿದ. ಅದು ತನ್ನ ಕೆಮ್ಮೇ, ತನಗಿಂತ ಚೆನ್ನಾಗಿ. ವಿಮರ್ಶಕಿ ಚಪ್ಪಾಳೆ ತಟ್ಟಿ ಇಪ್ಪತ್ತೈದು ಬರೆದರು, ಅಂಗಡಿಯವರು ಇಪ್ಪತ್ತಾರು ಬರೆದು ಹೊಡೆದುಹಾಕಿದರು. ಚಪ್ಪಾಳೆ ನಿಂತರೂ ಹಾಡುಗಾರರ ಕೆಮ್ಮು ನಿಲ್ಲಲಿಲ್ಲ. ಒಂದರ ಹಿಂದೆ ಒಂದು ಬಂತು. ಮುಖ ಕೆಂಪಾಗಿ, ಒಂದು ಕೈಯಲ್ಲಿ ಗಾಳಿಯನ್ನು ತಡಕಾಡಿದರು. ಸೊಸೆ ಓಡಿಬಂದು ಬೆನ್ನು ನೀವಿ, "ಸಾಕು ಮಾವ, ಬನ್ನಿ," ಎಂದು ಹೊರಗೆ ಕರೆದುಕೊಂಡು ಹೋದಳು. ಹೋಗುವಾಗ ಟೇಪಿನವನ ಮುಖವನ್ನು ಒಮ್ಮೆ ನೋಡಿದಳು. ಬೈಯುವ ನೋಟವಾಗಿದ್ದರೆ ಅವನಿಗೆ ತಡೆದುಕೊಳ್ಳಲಾಗುತ್ತಿತ್ತು.

"ಯಂತ್ರ ಆಫ್ ಮಾಡಿ ಹೋಗು. ನಾಳೆ ನನ್ನನ್ನ ಬಂದು ನೋಡು," ಎಂದರು ಮ್ಯಾನೇಜರು.

ಅವನು ಆಫ್ ಮಾಡಿ ಹೊರಬಂದಾಗ ಮೆಟ್ಟಿಲ ಹತ್ತಿರದ ಬೆಂಚಿನ ಮೇಲೆ ಹಾಡುಗಾರರು ಕೂತಿದ್ದರು. ಸೊಸೆ ಕೈತೊಳೆಯುವ ಬೋಗುಣಿಯ ಹತ್ತಿರ ಲೋಟ ತೊಳೆಯುತ್ತಿದ್ದಳು. ಮುದುಕರು ಅವನ ತೋಳು ಹಿಡಿದರು. ಹಿಡಿತ ಗಟ್ಟಿಯಾಗಿತ್ತು, ಗಿಟಾರಿನ ಬೆರಳು.

"ಆ ಹಾಡು ಹಾಡಿದ ದಿನ ನನಗೆ ನೆನಪಿದೆ ಕಣಯ್ಯ," ಎಂದರು, ಸೊಸೆಗೆ ಕೇಳಿಸದ ಹಾಗೆ. "ನನ್ನ ಹೆಂಡತಿ ಗಾಜಿನ ಆಚೆ ಕೂತಿದ್ಲು. ಗಂಟಲು ಗಂಟೆ ಹಾಗಿತ್ತು. ನಾನು ಕೆಮ್ಮಲಿಲ್ಲ, ಅಳಲೂ ಇಲ್ಲ. ರೇಡಿಯೋದವರು ಅಷ್ಟು ಪ್ರೀತಿಯಿಂದ ಕೇಳಿದ್ರು, ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಆಮೇಲೆ ನನಗೇ ನಂಬಿಕೆ ಬಂತು. ಈಗ ಅವಳ ಮುಖ ನೆನೆಸಿಕೊಂಡ್ರೆ ಅಲ್ಲೂ ಕೆಮ್ಮಿದ ಹಾಗೇ ಕಾಣುತ್ತೆ." ಅವರು ಉಸಿರು ಎಳೆದುಕೊಂಡರು. "ಐವತ್ತು ವರ್ಷದಲ್ಲಿ ಜನಕ್ಕೆ ಬೇಕಾಗಿದ್ದು ಅದೊಂದೇ. ನನಗೆ ಗೊತ್ತು. ಅದೂ ನನ್ನದಲ್ಲ ಅಂದ್ರೆ... ನಿಜ ಹೇಳು. ಇಲ್ಲಿ ಯಾರೂ ಇಲ್ಲ. ನಿಂದಾ ಅದು?"

ಹೌದು ಎಂಬುದು ಅವನ ನಾಲಗೆಯ ತುದಿಯಲ್ಲೇ ಇತ್ತು. ಇಡೀ ಲೋಕದಲ್ಲಿ ಅವನನ್ನು ನಂಬಲು ತಯಾರಾಗಿ ಕೂತವರು ಈ ಮುದುಕರೊಬ್ಬರೇ, ನಂಬಿದ ಕೂಡಲೇ ತಮ್ಮದೆಂದು ಏನೂ ಉಳಿಯದವರೂ ಇವರೇ. ಇಲ್ಲ ಎಂದೂ ಹೇಳಬಹುದಿತ್ತು. ಇಲ್ಲ ಎಂದರೆ ಮುದುಕರು ನೆಮ್ಮದಿಯಿಂದ ಕೆಮ್ಮಿಕೊಂಡಿರುತ್ತಾರೆ. ಅಕ್ಕನ ಎರಡು ಸಲದ ಇಸ್ತ್ರಿ, ಹದಿನಾಲ್ಕು ಮುದ್ರಣ, ಮೂರೂವರೆ ಸೆಕೆಂಡು, ಎಲ್ಲವನ್ನೂ ತನ್ನ ಬಾಯಿಂದಲೇ ಒರೆಸಿಹಾಕಿದಂತಾಗುತ್ತದೆ. ಅಷ್ಟು ದೊಡ್ಡ ಮನಸ್ಸು ಅವನಿಗಿರಲಿಲ್ಲ. ಇದೆಯೆಂದು ನಟಿಸುವಷ್ಟು ಸಣ್ಣ ಮನಸ್ಸೂ ಇರಲಿಲ್ಲ. ಮುದುಕರ ಮುಖ ಅವನ ಮುಖದ ಕೆಳಗೇ ಇತ್ತು, ಕಣ್ಣಲ್ಲಿ ಕೆಮ್ಮಿನ ನೀರು ಇನ್ನೂ ಆರಿರಲಿಲ್ಲ. ಬೋಗುಣಿಯ ಹತ್ತಿರ ನಲ್ಲಿ ನಿಂತಿತು.

ಅವನು ತೋಳಿನ ಮೇಲಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಬಿಡಿಸಿ, ಆ ಕೈಯನ್ನು ಮುದುಕರ ಮಡಿಲಿಗೆ ಇಟ್ಟು, ಮೆಟ್ಟಿಲಿಳಿಯತೊಡಗಿದ. "ಏ, ಹೇಳಿ ಹೋಗಯ್ಯ," ಎಂದು ಮೇಲಿಂದ ಕೇಳಿಸಿತು. ಕುತ್ತಿಗೆಯಲ್ಲಿದ್ದ ಹೆಡ್‌ಫೋನನ್ನು ತೆಗೆಯಲು ಮರೆತಿದ್ದ. ಅದರ ಉದ್ದನೆಯ ತಂತಿ ಅವನ ಹಿಂದೆಯೇ ಎಳೆದುಕೊಂಡು ಬರುತ್ತ, ತುದಿಯ ಪಿನ್ನು ಒಂದೊಂದು ಮೆಟ್ಟಿಲಿಗೂ ಟಕ್ಕೆಂದು ಬಡಿಯುತ್ತಿತ್ತು. ಅವನು ಅದನ್ನು ಸುತ್ತಿಕೊಳ್ಳಲಿಲ್ಲ. ಮೂರು ಮಹಡಿ ಹಾಗೇ ಇಳಿದು, ಬಾಗಿಲು ತಳ್ಳಿ, ಬಿಸಿಲಿಗೆ ಬಂದು, ಬಸ್ಸು ನಿಲ್ಲುವ ಕಡೆಗೆ ನಡೆದ.